ಮಟ್ಟಾಂಚೇರಿಗೆ ವೀಕೆಂಡ್ ಬೇಡ, ಆಟೋ ಅಂತೂ ಬೇಡವೇ ಬೇಡ

ಕೊಚ್ಚಿಗೆ ಹೋಗುವ ನಮ್ಮವರಲ್ಲಿ ಜಾಸ್ತಿ ಜನ ಶುಕ್ರವಾರ ರಾತ್ರಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ವಾಪಸ್ ಬಂದಿಳಿಯುವವರು. ಬೀಚು, ಬೋಟು ಸಾಕು ಅನ್ನುವವರಿಗೆ ಅದು ಸರಿ. ಕೊಚ್ಚಿಯ ಹಳೇ ಊರನ್ನು, ಅಂದರೆ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಯನ್ನು ನಡೆದು ನೋಡಬೇಕು ಅಂತಿದ್ದರೆ ಅದರಷ್ಟು ಕೆಟ್ಟ ಲೆಕ್ಕ ಇನ್ನೊಂದಿಲ್ಲ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್ ಶುಕ್ರವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತದೆ, ಶನಿವಾರ ತೆಗೆಯುವುದೇ ಇಲ್ಲ. ಭಾನುವಾರ ಬಜಾರ್ ರೋಡಿನಲ್ಲಿ ಸಾಲಾಗಿ ಶಟರ್ ಎಳೆದಿರುತ್ತದೆ. ಉಳಿದದ್ದೇನು? ಸೆಲ್ಫಿ ತೆಗೆಯುವವರ ಜಾತ್ರೆ. ರಜೆ ಹಾಕಿಯಾದರೂ ಸೋಮವಾರದಿಂದ ಗುರುವಾರದ ಒಳಗೆ ಹೋಗಿ.

ನಾವು ಕುಮಟಾದಲ್ಲಿ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿದೆವು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ಎರಡು ದಾರಿ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಇದೆ, 2024ರಲ್ಲಿ ಶುರುವಾದದ್ದು. ಎಸಿ, ನೀಟು, ರಜಾ ದಿನ ಉದ್ದದ ಕ್ಯೂ. ಇನ್ನೊಂದು ಮುಖ್ಯ ಬೋಟ್ ಜೆಟ್ಟಿಯಿಂದ ಹೊರಡುವ ಸರ್ಕಾರಿ ಬೋಟ್. ಹತ್ತು ರೂಪಾಯಿಯೊಳಗೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಆ ದಡ. ಕಿಟಕಿಗೆ ಗಾಜಿಲ್ಲ, ಮುಖಕ್ಕೆ ಗಾಳಿ ಬಡಿಯುತ್ತದೆ. ನಾನಂತೂ ಇದಕ್ಕೇ ಓಟು.

ದಡ ಮುಟ್ಟುತ್ತಿದ್ದಂತೆ ಆಟೋದವರು ಮುತ್ತಿಕೊಳ್ಳುತ್ತಾರೆ. "ಫುಲ್ ಫೋರ್ಟ್ ಕೊಚ್ಚಿ, ಫುಲ್ ಮಟ್ಟಾಂಚೇರಿ, ಒನ್ ಅವರ್, ಓನ್ಲಿ ಫಿಫ್ಟಿ ಸಾರ್." ಬಿಸಿಲು ಏರುತ್ತಿತ್ತು, ಕೈಯಲ್ಲಿ ಬ್ಯಾಗಿತ್ತು, ಹತ್ತಿದೆವು. ಚರ್ಚಿನ ಮುಂದೆ ಐದು ನಿಮಿಷ, ದಡದ ಚೀನಾ ಮೀನುಬಲೆಗಳ ಮುಂದೆ ಐದು ನಿಮಿಷ. ಆಮೇಲೆ ಶುರುವಾಯ್ತು ನೋಡಿ ಅಂಗಡಿ ಯಾತ್ರೆ. ಮೊದಲನೆಯದು ಕಾಶ್ಮೀರಿ ಶಾಲು. ಎರಡನೆಯದು ಮರದ ಆನೆ, ಕಥಕಳಿ ಮುಖವಾಡ. "ಕೊಳ್ಳಬೇಡಿ ಸಾರ್, ಹತ್ತು ನಿಮಿಷ ಒಳಗಿದ್ದು ಬನ್ನಿ, ನನಗೆ ಪೆಟ್ರೋಲ್ ಕೂಪನ್ ಸಿಗುತ್ತದೆ" ಅಂತ ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಅವನೇ ಬಾಯಿಬಿಟ್ಟ. ಐವತ್ತು ರೂಪಾಯಿಯ ಗುಟ್ಟು ಇದು. ಒಳಗೆ ಹೋದರೆ ಸೇಲ್ಸ್‌ಮನ್ ಬಿಡುವುದಿಲ್ಲ, ಏನೂ ಕೊಳ್ಳದೆ ಬಂದರೆ ಆಟೋದವನ ಮುಖ ಸಿಂಡರಿಸುತ್ತದೆ.

ಮೂರನೆಯದು 'ಸ್ಪೈಸ್ ಮಾರ್ಕೆಟ್'. ಮಾರ್ಕೆಟ್ಟೂ ಇಲ್ಲ, ಮಣ್ಣೂ ಇಲ್ಲ. ಎಸಿ ಹಾಕಿದ ಒಂದು ಷೋರೂಮ್. ಚೆಂದದ ಡಬ್ಬಿಯಲ್ಲಿ ಕಾಳುಮೆಣಸು, 100 ಗ್ರಾಂಗೆ 280 ರೂಪಾಯಿ. ನಾವು ಸಿರ್ಸಿ ಕಡೆಯವರು, ಮನೆ ಅಂಗಳದಲ್ಲೇ ಮೆಣಸು ಒಣಗಿಸುವವರು. ಆ ರೇಟಿನ ಕಾಲುಭಾಗ ಬೆಳೆಗಾರನ ಕೈಗೆ ಬಂದರೆ ಪುಣ್ಯ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ಖಾರ ಹತ್ತಲೇ ಇಲ್ಲ, ಹಳೇ ಮಾಲು. ಅಲ್ಲೇ ಐವತ್ತು ಕೊಟ್ಟು ಆಟೋ ಬಿಟ್ಟೆವು.

ಹಾಗಾಗಿ ನನ್ನ ಸಲಹೆ ಇಷ್ಟು. ಫೋರ್ಟ್ ಕೊಚ್ಚಿ ಜೆಟ್ಟಿಯಿಂದ ಬಜಾರ್ ರೋಡ್ ಹಿಡಿದು ಮಟ್ಟಾಂಚೇರಿಗೆ ನಡೆಯಿರಿ. ಎರಡೂವರೆ ಕಿಲೋಮೀಟರ್ ಆಸುಪಾಸು, ಏರಿಲ್ಲ ಇಳಿಜಾರಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಹೊರಟುಬಿಡಿ. ಹನ್ನೊಂದರ ಮೇಲೆ ಅಲ್ಲಿನ ಸೆಕೆಗೆ ಅಂಗಿ ಮೈಗಂಟುತ್ತದೆ.

ಈ ರಸ್ತೆಯ ಗೋದಾಮುಗಳ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಹಿನ್ನೀರಿಗೆ. ಹಿಂದೆ ಸರಕು ದೋಣಿಯಲ್ಲಿ ಬಂದು ಹಿಂದಿನಿಂದಲೇ ಒಳಗೆ ಹೋಗುತ್ತಿತ್ತು. ಈಗ ಲಾರಿ. ಓಣಿಯಂಥ ರಸ್ತೆಯಲ್ಲಿ ಎರಡು ಲಾರಿ ಎದುರುಬದುರಾದರೆ ನಡೆಯುವವರು ಯಾವುದಾದರೂ ಅಂಗಡಿ ಮೆಟ್ಟಿಲು ಹತ್ತಿ ನಿಲ್ಲಬೇಕು, ಆಡುಗಳ ಜೊತೆ. ಎಷ್ಟೋ ಗೋದಾಮು ಪಾಳು ಬಿದ್ದಿವೆ, ಗೋಡೆ ಸೀಳಿಕೊಂಡು ಅರಳಿ ಗಿಡ ಎದ್ದಿದೆ. ಅಕ್ಕಿ, ಈರುಳ್ಳಿ ವ್ಯಾಪಾರವೇ ಈಗ ಹೆಚ್ಚು ಕಂಡಿತು. ಆದರೂ ಒಣಶುಂಠಿಯ ಘಾಟು ಮೂಗಿಗೆ ಬಡಿದಾಗ ತಲೆ ಎತ್ತಿ ನೋಡಿ, ಪಕ್ಕದ ಬಾಗಿಲೊಳಗೆ ಚೀಲಗಟ್ಟಲೆ ಇರುತ್ತದೆ. ಒಬ್ಬ ಹಿರಿಯ ವ್ಯಾಪಾರಿ ನಾವು ಸಿರ್ಸಿಯವರು ಅಂದಕೂಡಲೇ ಸ್ಟೂಲ್ ಎಳೆದು ಕೂರಿಸಿ, ಅಲ್ಲಿ ಈ ವಾರ ಮೆಣಸಿನ ರೇಟ್ ಎಷ್ಟು ಅಂತ ಕೇಳಿದರು. ಕೊಳ್ಳಿ ಅಂತ ಒಂದು ಮಾತೂ ಆಡಲಿಲ್ಲ.

ಅರಮನೆಯನ್ನು ಡಚ್ ಪ್ಯಾಲೇಸ್ ಅಂತಾರೆ. ಡಚ್ಚರು ಮಾಡಿದ್ದು ರಿಪೇರಿ ಮಾತ್ರ, 1663ರ ಸುಮಾರಿಗೆ. ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಹೊರಗಿನಿಂದ ಹಳೇ ತಾಲೂಕು ಕಚೇರಿ ಥರ ಇದೆ, ಅಷ್ಟಕ್ಕೇ ತಿರುಗಿ ಹೋಗಬೇಡಿ. ರಾಜನ ಮಲಗುವ ಕೋಣೆಯ ಗೋಡೆ ತುಂಬ ರಾಮಾಯಣ.

ಪಕ್ಕದ ಸಿನಗಾಗ್ 1568ರದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುತ್ತದೆ, ಅದರ ಮೊದಲೇ ಹೋಗಿ. ಚಪ್ಪಲಿ ಹೊರಗೆ, ಚಡ್ಡಿ ಹಾಕಿದವರಿಗೆ ಪ್ರವೇಶ ಇಲ್ಲ. ಎಲ್ಲರೂ ಮೇಲಿನ ಗಾಜಿನ ದೀಪಗಳನ್ನೇ ನೋಡುತ್ತಾರೆ. ನೀವು ನೆಲ ನೋಡಿ. ಚೀನಾದಿಂದ ತರಿಸಿದ ನೀಲಿ-ಬಿಳಿ ಟೈಲ್ಸ್, ಒಂದೊಂದನ್ನೂ ಕೈಯಲ್ಲೇ ಬರೆದದ್ದು. ಬಗ್ಗಿ ನೋಡಿದರೆ ಒಂದರಲ್ಲಿ ಕುಂಚ ದಪ್ಪಗೆ ಎಳೆದಿದೆ, ಪಕ್ಕದ್ದರಲ್ಲಿ ತೆಳ್ಳಗೆ. ಹೊರಗಿನ ಜ್ಯೂ ಟೌನ್ ಬೀದಿಯಲ್ಲಿ ಇವತ್ತು ಯಹೂದಿಗಳೇ ಇಲ್ಲವೆನ್ನುವಷ್ಟು ಕಡಿಮೆ. ಇಸ್ರೇಲ್ ಹುಟ್ಟಿದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಈಗ ಆ್ಯಂಟಿಕ್ ಅಂಗಡಿಗಳದ್ದೇ ರಾಜ್ಯ, ಮತ್ತೆ ಅದೇ ಮರದ ಆನೆ. ಬೇಗ ದಾಟಿ.

ಇನ್ನು ಊಟ. ಜ್ಯೂ ಟೌನಿನ ಚೆಂದದ ಕೆಫೆಗಳಲ್ಲಿ ಒಂದು ಲೈಮ್ ಸೋಡಾದ ರೇಟ್ ನೋಡಿಯೇ ನಾವು ಎದ್ದು ಬಂದೆವು. ಅಲ್ಲಿಂದ ಚೆರ್ಲಾಯಿ ಕಡೆ, ತಿರುಮಲ ದೇವಸ್ವಂ ದೇವಸ್ಥಾನದ ದಿಕ್ಕಿಗೆ ನಡೆಯಿರಿ. ಗೋವಾದಿಂದ ಬಂದ ಗೌಡ ಸಾರಸ್ವತರು ನೂರಾರು ವರ್ಷದಿಂದ ಇರುವ ಕೇರಿ. ಅಲ್ಲಿ ಬೋರ್ಡು ಅರ್ಧ ಮಾಸಿದ, ನಾಲ್ಕೇ ಮೇಜಿನ ಒಂದು ಸಸ್ಯಾಹಾರಿ ಹೋಟೆಲ್. ನನ್ನ ಹೆಂಡತಿಯ ತವರು ಕುಮಟಾ, ಮನೆಮಾತು ಕೊಂಕಣಿ. ಗಲ್ಲಾದ ಮೇಲೆ ಕೂತವರು ಅಡುಗೆಮನೆಗೆ ಕೊಂಕಣಿಯಲ್ಲಿ ಕೂಗಿದ್ದು ಕಿವಿಗೆ ಬಿದ್ದದ್ದೇ ತಡ, ಇವಳು "ಮಾಮ್" ಅಂತ ಮಾತಿಗೆ ಇಳಿದಳು. ಕೇರಳದ ಮಧ್ಯೆ ಕುಮಟಾ ಪೇಟೆಯೇ ಎದ್ದು ಬಂದ ಹಾಗಾಯ್ತು. ಅವರ ಉಚ್ಚಾರ ಬೇರೆ, ರಾಗ ಬೇರೆ. ಹೊಟ್ಟೆಗೆ ಹಾಕುವುದು ಮಾತ್ರ ಅದೇ.

ಬಾಳೆಲೆ ಮೇಲೆ ಕುಚ್ಚಲಕ್ಕಿ ಅನ್ನ. ಅದರ ಮೇಲೆ ಕೊಂಕಣಿಗರ ಬೇಳೆ ಸಾರು ದಾಳಿತೋಯ್, ಇಂಗಿನ ಒಗ್ಗರಣೆ ಎಷ್ಟು ಜೋರು ಅಂದರೆ ಎಲೆಗೆ ಬಡಿಸುವ ಮೊದಲೇ ವಾಸನೆ ಬಂತು. ಸೀಳಿದ ಹಸಿಮೆಣಸು, ಒಂದಿಷ್ಟೂ ಬೆಲ್ಲ ಇಲ್ಲ. ತೊಂಡೆಕಾಯಿ ಉಪ್ಕರಿ, ಅಂದರೆ ಪಲ್ಯ, ಕಾಯಿ ಒಂದೂ ಕರಗಿರಲಿಲ್ಲ, ಹಲ್ಲಿಗೆ ಸಿಗುತ್ತಿತ್ತು. ಗೋಡಂಬಿ ಬಣ್ಣ ಬರುವ ತನಕ ಕರಿದ ಹಪ್ಪಳ, ಮಾವಿನ ಮಿಡಿ, ನೀರು ಮಜ್ಜಿಗೆ. ಅನ್ನ ಬೇಡ ಅಂದರೂ ಬಿಡಲಿಲ್ಲ. ಇಬ್ಬರಿಗೆ 180 ರೂಪಾಯಿ. ಪಕ್ಕದಲ್ಲಿ ಚೀಟಿ ಹಿಡಿದು ಲೆಕ್ಕ ಬರೆಯುತ್ತಿದ್ದವರೂ, ದೇವಸ್ಥಾನದಿಂದ ನೇರ ಬಂದವರೂ ಒಂದೇ ಬೆಂಚಲ್ಲಿ. ಫ್ಯಾನ್ ಇದೆ, ತಿರುಗುತ್ತದೆ ಅಂತ ಹೇಳಲಾರೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಸಾರು ಮುಗಿದಿರುತ್ತದೆ.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಅಂತ ಜನ ಮುಗಿಬೀಳುತ್ತಾರೆ. 1524ರಲ್ಲಿ ಹೂತದ್ದು ನಿಜ. ಸುಮಾರು ಹದಿನಾಲ್ಕು ವರ್ಷದ ಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಖಾಲಿ ಜಾಗಕ್ಕೆ ಅಷ್ಟೊಂದು ನೂಕುನುಗ್ಗಲು ಯಾಕೋ! ಅದರ ಬದಲು ಧೋಬಿಖಾನಾಗೆ ಹೋಗಿ. ಅಲ್ಲಿ ಬಟ್ಟೆಗೆ ಕ್ಲಿಪ್ ಹಾಕುವುದಿಲ್ಲ. ಜೋಡಿ ಹಗ್ಗ ಹೊಸೆದು, ಆ ಹುರಿಯ ಸಂದಿಯಲ್ಲಿ ಬಟ್ಟೆಯ ತುದಿ ಸಿಕ್ಕಿಸುತ್ತಾರೆ. ಎಂಥ ಗಾಳಿಗೂ ಜಾರುವುದಿಲ್ಲ. ಸಂಜೆ ಚೀನಾ ಬಲೆಯವರು "ಬನ್ನಿ, ಹಗ್ಗ ಎಳೆಯಿರಿ" ಅಂತ ಕರೆದರೆ, ಎಳೆದ ಮೇಲೆ ದುಡ್ಡು ಕೇಳುತ್ತಾರೆ ಅನ್ನುವುದು ತಲೆಯಲ್ಲಿರಲಿ.

ಆಲೆಪ್ಪಿ, ಹೌಸ್‌ಬೋಟ್ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ರೂಮಿಗೆ ಸೊಳ್ಳೆ ಬತ್ತಿ ಇಲ್ಲಿಂದಲೇ ಒಯ್ಯಿರಿ. ಬಜಾರ್ ರೋಡಿನಲ್ಲಿ ಶೌಚಾಲಯ ಹುಡುಕಿ ಸುಸ್ತಾಗುತ್ತದೆ, ಹೊರಡುವ ಮೊದಲೇ ಮುಗಿಸಿಕೊಳ್ಳಿ. ವಾಪಸ್ ಬೋಟನ್ನು ಸಂಜೆ ಐದರಿಂದ ಏಳರ ನಡುವೆ ಇಟ್ಟುಕೊಳ್ಳಬೇಡಿ. ಕೆಲಸ ಮುಗಿಸಿ ಮನೆಗೆ ಹೋಗುವವರ ರಷ್ಷಿನಲ್ಲಿ ಬ್ಯಾಗ್ ಹಿಡಿದು ನಿಲ್ಲಲೂ ಜಾಗ ಸಿಗುವುದಿಲ್ಲ.