ಮೈನಸ್ 41.8ರ ಊರಿನವರು

ಊರಿಗೆ ಫೋನ್ ಮಾಡಿದರೆ ಅಮ್ಮನ ಮೊದಲ ಪ್ರಶ್ನೆ "ಊಟ ಆಯ್ತಾ?", ಎರಡನೆಯದು "ಇವತ್ತು ಎಷ್ಟು ಮೈನಸ್ಸು?" ಅವಳದೂ ತಪ್ಪಲ್ಲ. ನಾನಿರುವ ಲಾ ಬ್ರೆವೀನ್ ಸ್ವಿಟ್ಜರ್ಲೆಂಡಿನಲ್ಲಿ ಹೆಸರಾದದ್ದೇ ಚಳಿಯಿಂದ. 1987ರ ಜನವರಿ 12ರಂದು ಇಲ್ಲಿ ಮೈನಸ್ 41.8 ಡಿಗ್ರಿ ದಾಖಲಾಯಿತು. 'ಸ್ವಿಸ್ ಸೈಬೀರಿಯಾ' ಎಂಬ ಪಟ್ಟ ಇಂದಿಗೂ ಇಳಿದಿಲ್ಲ.

ಇದು ನ್ಯೂಶಾಟೆಲ್ ಕ್ಯಾಂಟನ್ನಿನಲ್ಲಿ (ಇಲ್ಲಿ ರಾಜ್ಯಕ್ಕೆ ಹೀಗೆ ಅಂತಾರೆ) ಫ್ರಾನ್ಸ್ ಗಡಿಗೆ ತಾಗಿಕೊಂಡಿರುವ ಜುರಾ ಬೆಟ್ಟಗಳ ಕಣಿವೆ. ಎತ್ತರ 1,000 ಮೀಟರಿಗಿಂತ ತುಸು ಹೆಚ್ಚು, ಜನ ಆರುನೂರು ಚಿಲ್ಲರೆ. ಕಣಿವೆ ಬೋಗುಣಿಯ ಹಾಗೆ ಎಲ್ಲ ಕಡೆಯಿಂದ ಮುಚ್ಚಿದೆ. ಗಾಳಿಯಿಲ್ಲದ ತಿಳಿರಾತ್ರಿ ತಣ್ಣನೆಯ ಗಾಳಿ ಕೆಳಗಿಳಿದು, ಹೊರಹೋಗಲು ದಾರಿಯಿಲ್ಲದೆ ತೊಟ್ಟಿಯ ನೀರಿನಂತೆ ನಿಂತುಬಿಡುತ್ತದೆ. ಗುಡ್ಡದ ಮೇಲಿನ ಮನೆಯವರು ಅದೇ ರಾತ್ರಿ ನಮಗಿಂತ ಎಷ್ಟೋ ಬೆಚ್ಚಗಿರುತ್ತಾರೆ, ಬೆಳಿಗ್ಗೆ ಅದನ್ನು ಹೇಳಿಕೊಳ್ಳಲು ಮರೆಯುವುದಿಲ್ಲ. ನೀರಿಗೂ ಇಲ್ಲಿ ನೆಲದ ಮೇಲೆ ದಾರಿಯಿಲ್ಲ. ತಾಯೆರ್ ಕೆರೆಯ ನೀರು ಸುಣ್ಣಕಲ್ಲಿನ ಬಿಲಗಳಲ್ಲಿ ಇಳಿದು, ಬೆಟ್ಟದಾಚೆ ಆರೂಸ್ ನದಿಯ ಮೂಲದಲ್ಲಿ ಹೊರಬರುತ್ತದೆ. ಚಳಿಗಾಲದಲ್ಲಿ ಆ ಕೆರೆ ಗಟ್ಟಿಯಾದರೆ ದೂರದೂರದಿಂದ ಸ್ಕೇಟಿಂಗಿಗೆ ಬರುತ್ತಾರೆ, ಊರು ಜಾತ್ರೆಯಾಗುತ್ತದೆ.

ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ನನ್ನನ್ನು ಕಂಡವರೇ "ಅದ್ಯೂ" ಅಂದರು. ಬೆಂಗಳೂರಿನ ಫ್ರೆಂಚ್ ಕ್ಲಾಸಿನಲ್ಲಿ ಕಲಿತ ಪ್ರಕಾರ ಅದು ಕೊನೆಯ ವಿದಾಯ. ನಾನೇನು ತಪ್ಪು ಮಾಡಿದೆ ಅಂತ ದಿನವಿಡೀ ಕೊರಗಿದೆ. ಈ ಕಡೆ ಸಲುಗೆಯವರಿಗೆ ಬರುವಾಗಲೂ ಅದೇ, ಹೋಗುವಾಗಲೂ ಅದೇ. ಆಮೇಲೆ ಅವರೇ 'ದಿನೆ'ಗೆ ಕರೆದರು. ರಾತ್ರಿ ಊಟವೆಂದುಕೊಂಡು ಸಂಜೆ ಏಳಕ್ಕೆ ಹೂ ಹಿಡಿದು ಹೋದೆ. ಇಲ್ಲಿ ದಿನೆ ಅಂದರೆ ಮಧ್ಯಾಹ್ನದ ಊಟ! ನನಗೆ ಬಡಿಸಿಟ್ಟಿದ್ದ ತಟ್ಟೆ ಹಾಗೇ ಮುಚ್ಚಿಟ್ಟಿತ್ತು. ಬಯ್ಯಲಿಲ್ಲ, ಬಿಸಿ ಮಾಡಿಕೊಟ್ಟರು. ಒಂದು ಸಮಾಧಾನ: ಫ್ರಾನ್ಸಿನವರು ಎಪ್ಪತ್ತಕ್ಕೆ 'ಅರವತ್ತು-ಹತ್ತು' ಅಂದರೆ ಇವರು ನಮ್ಮ ಹಾಗೆ ಒಂದೇ ಪದದಲ್ಲಿ 'ಸೆಪ್ತಾಂತ್' ಅಂತಾರೆ.

ಹಸು ಮತ್ತು ಗಡಿಯಾರ, ಇವೆರಡೇ ಇಲ್ಲಿಯ ಬದುಕು. ಗ್ರುಯೇರ್ ಚೀಸ್‌ಗೆ ಹಾಲು ಹಾಕುವವರು ಹಸುವಿಗೆ ಹುಳಿಸಿದ ಮೇವು ಕೊಡುವ ಹಾಗಿಲ್ಲ. ಮುಖ್ಯವಾಗಿ ಒಣಹುಲ್ಲು, ಹಸಿಹುಲ್ಲು. ಸುಮಾರು 35 ಕಿಲೋದ ಒಂದು ಚೀಸ್ ಚಕ್ರಕ್ಕೆ 400 ಲೀಟರ್ ಹಾಲು ಬೇಕು. ಹದಿನೆಂಟನೇ ಶತಮಾನದಿಂದ ಈ ಬೆಟ್ಟಗಳ ರೈತರು ಹಿಮ ಬಿದ್ದು ಹೊಲದ ಕೆಲಸ ನಿಂತಾಗ ಕಿಟಕಿ ಪಕ್ಕ ಕೂತು ಗಡಿಯಾರದ ಬಿಡಿಭಾಗ ಮಾಡತೊಡಗಿದರು. ಈಗಲೂ ಹತ್ತಿರದ ಲ ಲೋಕ್ಲ್ ಪಟ್ಟಣದ ಕಾರ್ಖಾನೆಗಳಿಗೆ ಬೆಳಿಗ್ಗೆ ಫ್ರಾನ್ಸಿನಿಂದ ಕಾರುಗಳ ಸಾಲು ಹೊರಡುತ್ತದೆ.

ನನ್ನ ಕೈಯಲ್ಲಿರುವುದು ಅಪ್ಪನ ಎಚ್‌ಎಂಟಿ ಜನತಾ. ಅಜ್ಜಿಯ ಯಜಮಾನರು ನಿವೃತ್ತ ಗಡಿಯಾರ ಕೆಲಸಗಾರರು. ಒಂದು ದಿನ ಕೈ ಚಾಚಿ ಅದನ್ನು ಇಸಿದುಕೊಂಡರು. ಹೆಸರು ಓದುವ ಗೋಜಿಗೆ ಹೋಗದೆ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದರು. "ಎಣ್ಣೆ ಒಣಗಿದೆ" ಅಂದರು. ವಾರ ಬಿಟ್ಟು ವಾಪಸ್ ಕೊಟ್ಟಾಗ ದುಡ್ಡು ಮುಟ್ಟಲಿಲ್ಲ. ಬದಲಿಗೆ ನಾನು ಕೊಟ್ಟ ಚಿಕ್ಕಮಗಳೂರಿನ ಕಾಫಿಪುಡಿ ಮೂಸಿ ತಲೆಯಾಡಿಸಿದರು.

ನ್ಯೂಶಾಟೆಲ್‌ನಲ್ಲಿ ಪರದೇಶಿಗಳಿಗೂ ಊರಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಮೊದಲು ಕೊಟ್ಟದ್ದು 1849ರಲ್ಲಿ; ನಡುವೆ ಕಿತ್ತುಕೊಂಡು, ಮತ್ತೆ ಕೊಟ್ಟರು. ನೆಲೆನಿಂತವರ ಪರವಾನಗಿ ಸಿಕ್ಕ ಮೇಲೆ ನನಗೂ ಮತಪತ್ರ, ಮತದಾರರ ಕಾರ್ಡು ಇದ್ದ ಲಕೋಟೆ ಬಂತು. ನಮ್ಮೂರಲ್ಲಿ ಮತ ಹಾಕಬೇಕಾದರೆ ವಿಮಾನ ಹತ್ತಿ ಬೂತಿಗೇ ಹೋಗಬೇಕು. ಇಲ್ಲಿ ಅಂಚೆಗೆ ಹಾಕಿದರಾಯಿತು. ಹಿಮದಲ್ಲಿ ಕಾಲೆಳೆಯುತ್ತ ಅಂಚೆಪೆಟ್ಟಿಗೆಯತ್ತ ಹೊರಟವಳನ್ನು ಅಜ್ಜಿ ಕಿಟಕಿಯಿಂದಲೇ ತಡೆದರು.

"ಕಾರ್ಡಿಗೆ ಸಹಿ ಹಾಕಿದ್ಯಾ? ಸಹಿ ಇಲ್ಲದಿದ್ರೆ ಎಣಿಸಲ್ಲ ಅವರು."

ಹಾಕಿರಲಿಲ್ಲ. ಪೆನ್ನು ಕೊಟ್ಟು, ನಾನು ಬರೆಯುವವರೆಗೂ ನಿಂತು ನೋಡಿ, "ಅದ್ಯೂ" ಅಂದು ಕಿಟಕಿ ಮುಚ್ಚಿಕೊಂಡರು.