ಡಬಲ್ಸ್ ಅಂದ್ರೆ ಅರ್ಧ ಆಟ ತಾನೆ?

ಟೆನಿಸ್ ವಿಷಯ ಬಂದು, ನಾನು ನಮ್ಮ ಡಬಲ್ಸ್ ಆಟಗಾರ ರೋಹನ್ ಬೋಪಣ್ಣ ಹೆಸರು ಎತ್ತಿದರೆ ಸಾಕು, ಯಾರಾದರೂ ಕೇಳೇ ಕೇಳುತ್ತಾರೆ: 'ಸಿಂಗಲ್ಸ್‌ನಲ್ಲಿ ಏನೂ ಗೆಲ್ಲಲಿಲ್ಲ. ಡಬಲ್ಸ್ ಅಂದ್ರೆ ಅರ್ಧ ಆಟ ತಾನೆ? ಅದಕ್ಕೆ ಇಷ್ಟೊಂದು ಹೊಗಳಿಕೆ ಯಾಕೆ?' ಇಷ್ಟು ದಿನ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ಲೆಕ್ಕ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ. ಪಕ್ಕದ ಪಟ್ಟಿಗಳೂ ಸೇರಿ ಡಬಲ್ಸ್‌ಗೆ 36. ಇಬ್ಬರಿಗೆ ಹಂಚಿದರೆ ತಲಾ 18 ಬರುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು, ಅರ್ಧ ಅಲ್ಲ. ತರಲೆ ಲೆಕ್ಕ ಅಂತ ನನಗೂ ಗೊತ್ತು ಬಿಡಿ. ಓಟ ಕಡಿಮೆ ಅನ್ನೋದು ನಿಜವೇ. ಆದರೆ ಯೋಚನೆ ಮಾಡೋಕೆ ಸಿಗುವ ಸಮಯ ಇನ್ನೂ ಕಡಿಮೆ. ಎದುರಾಳಿಯ ಜೊತೆಗಾರ ನೆಟ್ ಹತ್ತಿರವೇ ನಿಂತಿರುತ್ತಾನೆ, ಅವನ ರಾಕೆಟ್ಟಿಗೆ ಸಿಗದ ಹಾಗೆ ಸರ್ವ್ ವಾಪಸ್ ಕಳಿಸಬೇಕು, ನೀವು ಹೊಡೆಯೋ ಅಷ್ಟರಲ್ಲಿ ಅವನು ಜಾಗ ಬದಲಿಸಿ ಅಲ್ಲೇ ಬಂದಿರುತ್ತಾನೆ. ನಾನೂ ಆಗಾಗ ಡಬಲ್ಸ್ ಆಡುವವನೇ. ನಮ್ಮ ಆಟ ಅಂದರೆ ಇಬ್ಬರೂ 'ನಿಂದು, ನಿಂದು' ಅಂತ ಕೂಗಿ, ಚೆಂಡು ಮಧ್ಯದಲ್ಲಿ ಹೋಗೋದನ್ನ ನೋಡ್ತಾ ನಿಲ್ಲೋದು.

ಅಂಕಗಳ ನಿಯಮವೂ ಕ್ರೂರ. ಎಟಿಪಿ (ಪುರುಷರ ವೃತ್ತಿಪರ ಟೆನಿಸ್ ನಡೆಸುವ ಸಂಸ್ಥೆ) ಟೂರ್ನಿಗಳ ಡಬಲ್ಸ್‌ನಲ್ಲಿ 40-40 ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಎರಡೂ ಜೋಡಿ ಒಂದೊಂದು ಸೆಟ್ ಗೆದ್ದರೆ ಮೂರನೇ ಸೆಟ್ಟೇ ಇಲ್ಲ, ಪಂದ್ಯ ತೀರ್ಮಾನಿಸೋಕೆ 10 ಪಾಯಿಂಟಿನ ಟೈಬ್ರೇಕ್. ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಂಗಳ ಪುರುಷರ ಡಬಲ್ಸ್‌ನಲ್ಲಿ ಮಾತ್ರ ಮೂರನೇ ಸೆಟ್ ಆಡಿಸುತ್ತಾರೆ.

ಈಗ ಬೋಪಣ್ಣ. ಕೊಡಗಿನ ಕಾಫಿ ತೋಟದ ಮನೆತನ. 2003ರಲ್ಲಿ ವೃತ್ತಿಪರ ಆಟಕ್ಕೆ ಇಳಿದರು. ಸಿಂಗಲ್ಸ್‌ನಲ್ಲಿ ಏರಿದ ಅತಿ ಎತ್ತರ 213ನೇ ಸ್ಥಾನ, 2007ರಲ್ಲಿ. ಗ್ರ್ಯಾನ್‌ಸ್ಲಾಂ ಸಿಂಗಲ್ಸ್‌ನ ಮುಖ್ಯ ಸುತ್ತಿಗೆ ನೇರ ಪ್ರವೇಶ ಸಿಗೋದು ಸುಮಾರು ಮೊದಲ ನೂರು ಜನರಿಗೆ. ಉಳಿದವರು ಅರ್ಹತಾ ಸುತ್ತುಗಳಲ್ಲಿ ಗುದ್ದಾಡಬೇಕು. ಅಲ್ಲಿ ಆಗಲಿಲ್ಲ, ಅದಕ್ಕೆ ಡಬಲ್ಸ್‌ಗೆ ಬಂದರು ಅಂತ ಹೇಳೋದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಅವರ ದೊಡ್ಡ ಆಸ್ತಿ ಸರ್ವ್. ಆ ಸರ್ವ್‌ಗೆ ಬೆಲೆ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋದರು. ನಮ್ಮಲ್ಲಿ ಎಷ್ಟು ಜನಕ್ಕೆ ಆ ವಯಸ್ಸಿನಲ್ಲಿ ಅಷ್ಟು ತಿಳಿವಳಿಕೆ ಇತ್ತು ಹೇಳಿ?

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್. ಬ್ರಯಾನ್ ಸಹೋದರರ ಎದುರು ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಹೋಯಿತು. 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು, ಅದೂ ಇನ್ನೊಂದು ಪಾಯಿಂಟ್ ಹೋದರೆ ಸೋಲು ಅನ್ನೋ ಸ್ಥಿತಿಯಿಂದ (ಮ್ಯಾಚ್ ಪಾಯಿಂಟ್) ಎರಡು ಸಲ ಪಾರಾಗಿ, ಕೊನೆಯ ಟೈಬ್ರೇಕ್ 12-10.

ನನಗೆ ಹೆಚ್ಚು ಇಷ್ಟವಾಗೋದು ಆಮೇಲಿನ ಭಾಗ. ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವೂ ಗೆಲ್ಲದೆ, ಸಾಕು, ಮನೆಗೆ ಹೋಗೋಣ ಅನ್ನಿಸಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಕೈ ಹಿಡಿದಿದ್ದು ಅಯ್ಯಂಗಾರ್ ಯೋಗ. ಆಮೇಲೆ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ರ‍್ಯಾಂಕಿಂಗ್‌ನಲ್ಲಿ ಲೆಕ್ಕಕ್ಕೆ ಬರೋದು ಕಳೆದ 52 ವಾರಗಳ ಅಂಕ ಮಾತ್ರ. ಹಳೇ ಸೇವೆಗೆ ಕೊಟ್ಟ ಬಹುಮಾನ ಅಲ್ಲ ಅದು.

ಒಂದು ಮಾತು ಒಪ್ಪಿಕೊಳ್ಳಬೇಕು. ಸಿಂಗಲ್ಸ್‌ನ ದೊಡ್ಡ ಹೆಸರುಗಳು ಡಬಲ್ಸ್ ಆಡೋದು ಅಪರೂಪ. ಎಲ್ಲರೂ ಬಂದಿದ್ದರೆ? ಕಷ್ಟ ಇರುತ್ತಿತ್ತು, ಖಂಡಿತ. ಆದರೆ ಅವರು ಬರೋದಿಲ್ಲ ಅನ್ನೋದಕ್ಕೆ ಬೋಪಣ್ಣ ಏನು ಮಾಡೋಕಾಗುತ್ತೆ?

2025ರ ನವೆಂಬರಿನಲ್ಲಿ ನಿವೃತ್ತಿ ಹೇಳಿದರು. ಕೊನೆಯ ಪಂದ್ಯ ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅಲೆಕ್ಸಾಂಡರ್ ಬುಬ್ಲಿಕ್ ಜೊತೆ. ಒಂದೊಂದು ಸೆಟ್ ಆಗಿ, ಮತ್ತೆ ಅದೇ 10 ಪಾಯಿಂಟಿನ ಟೈಬ್ರೇಕ್. ಈ ಸಲ ಪಾಯಿಂಟ್ ಆಚೆ ಕಡೆಗೆ ಹೋಯಿತು.