ಎಕ್ಸ್‌ರೇ ಮೂಲೆಯ ಶುಚಿತ್ವ: ಆರನೆಯ ವಾರದ ಟಿಪ್ಪಣಿ

ನಮ್ಮ ಎರಡು ಕುರ್ಚಿಗಳ ದಂತ ಚಿಕಿತ್ಸಾಲಯದ ಎಕ್ಸ್‌ರೇ ಮೂಲೆಯಲ್ಲಿ ರೋಗಿಯ ಲಾಲಾರಸ ಎಲ್ಲೆಲ್ಲಿಗೆ ತಲುಪುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು ಹಿಡಿದ ಕೆಲಸಕ್ಕೆ ಈಗ ಆರು ವಾರ ತುಂಬಿತು. ಮೊದಲು ನನ್ನ ಗಮನವೆಲ್ಲ ಆರ್‌ವಿಜಿ ಸೆನ್ಸರಿನ, ಅಂದರೆ ಬಾಯಿಯೊಳಗಿಟ್ಟು ಹಲ್ಲಿನ ಎಕ್ಸ್‌ರೇ ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ ಸಾಧನದ ಮೇಲೆಯೇ ಇತ್ತು. ಬಾಯಿಯೊಳಗೆ ಹೋಗುವ ವಸ್ತುವಾದರೂ ಅದನ್ನು ಉಪಕರಣಗಳ ರೋಗಾಣುಗಳನ್ನು ಹಬೆಯಲ್ಲಿ ಕೊಲ್ಲುವ ಆಟೊಕ್ಲೇವಿಗೆ ಹಾಕುವಂತಿಲ್ಲ. ಹಬೆಯ ಶಾಖಕ್ಕೆ ಒಳಗಿನ ಎಲೆಕ್ಟ್ರಾನಿಕ್ಸ್ ಹಾಳಾಗುತ್ತದೆ. ಇಂಥ ಸೆನ್ಸರಿಗೆ ಪ್ರತಿ ರೋಗಿಗೂ ಹೊಸ ಹೊದಿಕೆ ಹಾಕಬೇಕು, ಹೊದಿಕೆ ತೆಗೆದ ಮೇಲೆ ಕ್ಷಯಾಣುವನ್ನೂ ಕೊಲ್ಲಬಲ್ಲ ದ್ರಾವಣದಿಂದ ಒರೆಸಲೂ ಬೇಕು ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2003ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಮೊದಲನೆಯದನ್ನು ನಾವು ತಪ್ಪದೆ ಮಾಡುತ್ತಿದ್ದೆವು. ಎರಡನೆಯದು, ನಾಚಿಕೆಯಿಂದಲೇ ಬರೆಯುತ್ತೇನೆ, ಬಿಡುವಿದ್ದಾಗ ಮಾತ್ರ ನಡೆಯುತ್ತಿತ್ತು. ಎರಡನೆಯ ವಾರ ಬಳಸಿದ ಹೊದಿಕೆಗಳಿಗೆ ನೀರು ತುಂಬಿ ಎತ್ತಿ ಹಿಡಿದಾಗ, ಒಂದೆರಡರಲ್ಲಿ ಸೆನ್ಸರಿನ ಮೂಲೆ ಕೂರುವ ಜಾಗದಿಂದ ನೀರು ಮಣಿಮಣಿಯಾಗಿ ಜಿನುಗಿತು. ಅಂದಿನಿಂದ ಒರೆಸುವುದು ತಪ್ಪಿಲ್ಲ.

ನಾಲ್ಕನೆಯ ವಾರದ ಪ್ರಯೋಗ ನನ್ನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಬಿ-ಕಾಂಪ್ಲೆಕ್ಸ್ ಮಾತ್ರೆಯಲ್ಲಿರುವ ರೈಬೋಫ್ಲಾವಿನ್ ನೇರಳಾತೀತ ಬೆಳಕಿನಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಮಾತ್ರೆಗಳನ್ನು ಅರೆದು, ನೀರಿನಲ್ಲಿ ಕದಡಿ ಸೋಸಿ, ಕಾಲೇಜಿನ ದಿನಗಳಿಂದ ಉಳಿದಿದ್ದ ಹಲ್ಲಿನ ಮಾದರಿಯೊಂದಕ್ಕೆ ಹಚ್ಚಿ, ಮಾಮೂಲಿನಂತೆ ಎರಡು ಎಕ್ಸ್‌ರೇ ತೆಗೆದೆವು. ಆಮೇಲೆ ದೀಪವಾರಿಸಿ, ಖೋಟಾ ನೋಟು ಪತ್ತೆಹಚ್ಚಲು ಬಳಸುವ ಟಾರ್ಚನ್ನು ಹಾಯಿಸಿದೆವು. ಎಕ್ಸ್‌ರೇ ಕಿರಣ ಹೊರಡುವ ಟ್ಯೂಬ್‌ಹೆಡ್ಡಿನ ಕೋನು ಹೊಳೆಯುತ್ತದೆಂದು ಗೊತ್ತಿತ್ತು. ಮೌಸಿನ ಎಡಗುಂಡಿ ಹೊಳೆದದ್ದಕ್ಕೂ ಆಶ್ಚರ್ಯವಾಗಲಿಲ್ಲ. ಆದರೆ ಡ್ರಾಯರಿನ ಹಿಡಿ ಹೊಳೆಯಿತು, ಅದನ್ನೆಳೆದರೆ ಒಳಗಿನ ಡಬ್ಬಿಯಲ್ಲಿ ಇನ್ನೂ ಬಳಸದ ಹೊದಿಕೆಗಳ ಪೈಕಿ ಮೇಲಿನದರ ಅಂಚಿನಲ್ಲಿ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಹೊಳೆಯಿತು. ಎರಡನೆಯ ಹೊದಿಕೆಗಾಗಿ ಒದ್ದೆ ಗ್ಲೌಸಿನಲ್ಲೇ ಕೈ ಹಾಕಿದವನು ನಾನೇ.

ಆದ್ದರಿಂದ ಈಗಿನ ಬದಲಾವಣೆಗಳೆಲ್ಲ ಸೆನ್ಸರಿಗಿಂತ ಕೈಯ ದಾರಿಗೆ ಸಂಬಂಧಿಸಿದವು. ರೋಗಿ ಕೂರುವ ಮೊದಲೇ ಬೇಕಾದಷ್ಟು ಹೊದಿಕೆ, ಹತ್ತಿ, ಸೆನ್ಸರನ್ನು ಬಾಯಿಯಲ್ಲಿ ಹಿಡಿದಿಡುವ ಹೋಲ್ಡರುಗಳನ್ನು ಎಣಿಸಿ ಟ್ರೇಯಲ್ಲಿಡುತ್ತೇವೆ. ನಡುವೆ ಡ್ರಾಯರು ತೆರೆಯುವಂತಿಲ್ಲ. ಮೌಸನ್ನು ಸಹಾಯಕಿ ಶುಚಿಯಾದ ಕೈಯಲ್ಲಿ ನಡೆಸುತ್ತಾರೆ, ಅವರಿಲ್ಲದಿದ್ದರೆ ನಾನು ಗ್ಲೌಸಿನ ಮೇಲೆ ಬೇಕರಿಯವರು ಹಾಕಿಕೊಳ್ಳುವಂಥ ತೆಳು ಪ್ಲಾಸ್ಟಿಕ್ ಕವಚವನ್ನು ಹಾಕಿಕೊಳ್ಳುತ್ತೇನೆ. ಹೊದಿಕೆಯನ್ನು ಹೊರಮೈ ಒಳಗಾಗುವಂತೆ ಎಳೆದು ತೆಗೆದು, ಗ್ಲೌಸ್ ಕಳಚಿ, ಕೈ ಶುಚಿಮಾಡಿಕೊಂಡು, ಹೊಸ ಗ್ಲೌಸಿನಲ್ಲಿ ಸೆನ್ಸರನ್ನು ಒರೆಸಿ, ದ್ರಾವಣದ ಬಾಟಲಿಯ ಮೇಲೆ ಬರೆದಿರುವಷ್ಟು ಹೊತ್ತು ಅದು ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳುತ್ತೇವೆ. ಸ್ಪ್ರೇಯನ್ನು ನೇರವಾಗಿ ಹೊಡೆಯುವುದಿಲ್ಲ. ಟ್ಯೂಬ್‌ಹೆಡ್ಡಿನ ಸಂದುಗಳಲ್ಲಿ ದ್ರಾವಣ ಇಳಿದರೆ ರಿಪೇರಿ ದುಬಾರಿ. ಬಳಸಿದ ಹೊದಿಕೆ, ಗ್ಲೌಸುಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಕೆಂಪು ಚೀಲಕ್ಕೆ ಹೋಗುತ್ತವೆ.

ಹೋಲ್ಡರುಗಳು ಮಾತ್ರ ಆಟೊಕ್ಲೇವಿಗೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಒಂದರ ಉಂಗುರ 134 ಡಿಗ್ರಿಯ ಸುತ್ತಿನಲ್ಲಿ ಹಪ್ಪಳದಂತೆ ಸೊಟ್ಟಗಾಯಿತು.

ಈ ವಾರ ಪ್ರಯೋಗವನ್ನು ಮತ್ತೆ ಮಾಡಿದಾಗ ಡ್ರಾಯರು, ಮೌಸುಗಳು ಕತ್ತಲಾಗಿಯೇ ಉಳಿದವು. ಆದರೆ ಹೊದಿಕೆ ಮುಗಿದಲ್ಲಿಂದ ಗೇಣುದ್ದ ಕೇಬಲ್ ಹೊಳೆಯಿತು. ರೋಗಿಯ ಗಲ್ಲಕ್ಕೆ ಒರಗಿ, ಎದೆಯ ಮೇಲೆ ಇಳಿಬೀಳುವ ಭಾಗ ಅದೇ. ಉದ್ದನೆಯ ಹೊದಿಕೆ ತರಿಸಿದ್ದೇನೆ. ಅದು ಬರುವ ತನಕ ಸೆನ್ಸರಿನ ಜೊತೆಗೆ ಕೇಬಲನ್ನೂ ಮೊಳದುದ್ದ ಒರೆಸುತ್ತಿದ್ದೇವೆ.